ಫ್ಲ್ಯಾಶ್ ಪಾಯಿಂಟ್ ಎಂಬ ಅಂಕಿಯನ್ನು ಓದುವ ಬಗೆ

ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಜ್ವಾಲೆ ತಗುಲಿದೊಡನೆ ಹೊತ್ತಬಲ್ಲ ಅತಿ ಕಡಿಮೆ ಉಷ್ಣತೆ, ಸೊನ್ನೆಗಿಂತ ಸುಮಾರು 43 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ನಮ್ಮ ಬಂಕುಗಳಲ್ಲಿ ಸಿಗುವ ಡೀಸೆಲ್ಲಿನದು 35 ಡಿಗ್ರಿಗಿಂತ ಕಡಿಮೆ ಇರಕೂಡದೆಂದು ಐಎಸ್ 1460 ಎಂಬ ಭಾರತೀಯ ಮಾನಕ ವಿಧಿಸುತ್ತದೆ. ಸುರಕ್ಷತಾ ತರಬೇತಿಗಳಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು, ಮೊದಲನೆಯದು ಅಪಾಯಕಾರಿ, ಎರಡನೆಯದು ಅಷ್ಟೇನಲ್ಲ ಎಂದು ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಅದು ಪೂರ್ತಿ ತಪ್ಪಲ್ಲವಾದರೂ ಅರೆಬರೆ ಮಾತು. ಫ್ಲ್ಯಾಶ್ ಪಾಯಿಂಟ್ ಎನ್ನುವುದು ಗೊತ್ತುಪಡಿಸಿದ ಒಂದು ಪಾತ್ರೆಯಲ್ಲಿ, ಗೊತ್ತುಪಡಿಸಿದ ವಾಯು ಒತ್ತಡದಲ್ಲಿ ಕೇಳಿದ ಒಂದೇ ಪ್ರಶ್ನೆಗೆ ದೊರೆತ ಉತ್ತರ. ಪಾತ್ರೆ, ಒತ್ತಡ, ಹವಾಮಾನ, ಇಂಧನ ಇರುವ ರೂಪ ಇವುಗಳಲ್ಲಿ ಯಾವುದೊಂದು ಬದಲಾದರೂ ಉತ್ತರ ಬದಲಾಗುತ್ತದೆ. ಕಲಬುರಗಿಯ ಮೇ ತಿಂಗಳಿಗೂ ಮಡಿಕೇರಿಯ ಜನವರಿಗೂ ಒಂದೇ ಅಂಕಿಯನ್ನು ಒಂದೇ ಅರ್ಥದಲ್ಲಿ ಓದಲಾಗದು.

ಮೊದಲು ಆ ಪ್ರಶ್ನೆಯನ್ನು ನೋಡೋಣ. ದ್ರವ ಇಂಧನವು ದ್ರವವಾಗಿಯೇ ಉರಿಯುವುದಿಲ್ಲ. ಅದರ ಮೇಲ್ಮೈಯಿಂದ ಏಳುವ ಆವಿ ಗಾಳಿಯ ಆಮ್ಲಜನಕದೊಂದಿಗೆ ಬೆರೆತಾಗ, ಆ ಬೆರಕೆ ಉರಿಯುತ್ತದೆ. ಎಷ್ಟು ಆವಿ ಏಳುತ್ತದೆ ಎಂಬುದು ದ್ರವದ ಉಷ್ಣತೆಯನ್ನು ಅವಲಂಬಿಸಿದೆ. ತಣ್ಣಗಿರುವ ಡೀಸೆಲ್ಲಿನ ಮೇಲೆ ಆವಿ ಎಷ್ಟು ವಿರಳವೆಂದರೆ ಅಲ್ಲಿ ಜ್ವಾಲೆ ಹಿಡಿದರೂ ಅದು ಹರಡಲು ಬೇಕಾದಷ್ಟು ಇಂಧನ ಗಾಳಿಯಲ್ಲಿ ಇರುವುದಿಲ್ಲ. ದ್ರವವನ್ನು ನಿಧಾನವಾಗಿ ಕಾಯಿಸುತ್ತ, ಆಗಾಗ ಸಣ್ಣ ಜ್ವಾಲೆಯೊಂದನ್ನು ಮೇಲ್ಮೈಯ ಬಳಿಗೆ ತರುತ್ತ ಹೋದರೆ, ಒಂದು ಹಂತದಲ್ಲಿ ಆವಿ ಫಕ್ಕನೆ ಹೊತ್ತಿ ಆರುತ್ತದೆ. ಹೀಗೆ ಹೊತ್ತಿಕೊಳ್ಳುವ ಅತಿ ಕಡಿಮೆ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಆರಿಹೋಗದೆ ಕನಿಷ್ಠ ಐದು ಸೆಕೆಂಡಾದರೂ ಉರಿ ಉಳಿಯಬೇಕಾದರೆ ದ್ರವ ಇನ್ನೂ ಸ್ವಲ್ಪ ಬಿಸಿಯಾಗಬೇಕು. ಆ ಉಷ್ಣತೆಗೆ ಫೈರ್ ಪಾಯಿಂಟ್ ಎನ್ನುತ್ತಾರೆ. ಬೆಂಕಿಯ ಯಾವ ಸಂಪರ್ಕವೂ ಇಲ್ಲದೆ, ಬರಿಯ ಬಿಸಿಯಿಂದಲೇ ಆವಿ ತಾನಾಗಿ ಹೊತ್ತುವ ಉಷ್ಣತೆ ಬೇರೆಯೇ ಆದದ್ದು, ಬಹಳ ಮೇಲಿನದು. ಅದರ ವಿಚಾರ ಮುಂದೆ ಬರುತ್ತದೆ.

ಆವಿ ಇದ್ದ ಮಾತ್ರಕ್ಕೆ ಉರಿಯುವುದಿಲ್ಲ, ಅದು ಗಾಳಿಯಲ್ಲಿ ಒಂದು ನಿರ್ದಿಷ್ಟ ಪ್ರಮಾಣದೊಳಗೆ ಇರಬೇಕು. ಪೆಟ್ರೋಲಿನ ಆವಿ ಗಾಳಿಯಲ್ಲಿ ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 1.4ರಿಂದ 7.6ರವರೆಗೆ ಇದ್ದಾಗ ಮಾತ್ರ ಹೊತ್ತುತ್ತದೆ. ಅದಕ್ಕಿಂತ ಕಡಿಮೆಯಾದರೆ ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು. ಎಥನಾಲಿಗೆ ಈ ಮಿತಿಗಳು ಸುಮಾರು 3.3 ಮತ್ತು 19, ಸಿಎನ್‌ಜಿ ಮತ್ತು ಕೊಳವೆ ಅನಿಲದ ಮುಖ್ಯಾಂಶವಾದ ಮೀಥೇನಿಗೆ 5 ಮತ್ತು 15, ಅಡುಗೆ ಅನಿಲಕ್ಕೆ ಸುಮಾರು 2 ಮತ್ತು 9.5. ಹೈಡ್ರೋಜನ್ ಮಾತ್ರ ಶೇ. 4ರಿಂದ 75ರವರೆಗೆ ಹರಡಿಕೊಂಡಿದೆ. ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಶೇ. 2.5ರಲ್ಲೇ ಹೊತ್ತಬಲ್ಲದು, ಒತ್ತಡದಲ್ಲಿ ಗಾಳಿಯೇ ಇಲ್ಲದೆಯೂ ಒಡೆದು ಸ್ಫೋಟಿಸಬಲ್ಲದು.

ಫ್ಲ್ಯಾಶ್ ಪಾಯಿಂಟಿಗೂ ಈ ಕೆಳಮಿತಿಗೂ ಇರುವ ನಂಟನ್ನು ಎಥನಾಲಿನ ಉದಾಹರಣೆಯಲ್ಲಿ ಲೆಕ್ಕ ಹಾಕಿಯೇ ನೋಡಬಹುದು. ಸಮುದ್ರಮಟ್ಟದಲ್ಲಿ ವಾಯು ಒತ್ತಡ ಸುಮಾರು 101.3 ಕಿಲೋಪ್ಯಾಸ್ಕಲ್. ಅದರಲ್ಲಿ ಶೇ. 3.3 ಎಂದರೆ ಸುಮಾರು 3.3 ಕಿಲೋಪ್ಯಾಸ್ಕಲ್. ಎಥನಾಲಿನ ಆವಿಯೊತ್ತಡ, ಅಂದರೆ ಅದರ ಆವಿ ಬೀರುವ ಒತ್ತಡ, ಈ ಮಟ್ಟ ಮುಟ್ಟುವುದು 11–12 ಡಿಗ್ರಿಯ ಆಸುಪಾಸಿನಲ್ಲಿ. ಪ್ರಯೋಗಾಲಯದಲ್ಲಿ ಅಳೆದ ಫ್ಲ್ಯಾಶ್ ಪಾಯಿಂಟ್ 13 ಡಿಗ್ರಿ. ಎರಡು ಬೇರೆಬೇರೆ ದಾರಿಗಳಿಂದ ಹೊರಟ ಲೆಕ್ಕಗಳು ಹೀಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಫ್ಲ್ಯಾಶ್ ಪಾಯಿಂಟ್ ಅಂದರೆ ದ್ರವದ ಮೇಲಿನ ಗಾಳಿಯಲ್ಲಿ ಆವಿ ದಹನದ ಕೆಳಮಿತಿಯನ್ನು ಮುಟ್ಟುವ ಉಷ್ಣತೆ ಎಂದು ತಿಳಿದರೆ ಮುಂದಿನ ಗೋಜಲುಗಳೆಲ್ಲ ಬಿಡಿಸಿಕೊಳ್ಳುತ್ತವೆ.

ಈ ಪರೀಕ್ಷೆ ಹುಟ್ಟಿದ್ದು ಸೀಮೆಎಣ್ಣೆ ದೀಪಗಳ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಿಯಾಗಿ ಶುದ್ಧೀಕರಿಸದ, ನಾಫ್ತಾದಂಥ ಹಗುರ ಅಂಶಗಳು ಉಳಿದುಕೊಂಡಿದ್ದ ಸೀಮೆಎಣ್ಣೆ ಮಾರುಕಟ್ಟೆಗೆ ಬಂದು, ದೀಪಗಳು ಸಿಡಿದು ಜನ ಸಾಯುತ್ತಿದ್ದರು. ಬ್ರಿಟನ್ನಿನ ಕಾನೂನು ಮೊದಲು ತೆರೆದ ಬಟ್ಟಲಿನ ಪರೀಕ್ಷೆಯಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಎಂಬ ಗಡಿ ಹಾಕಿತ್ತು. ತೆರೆದ ಬಟ್ಟಲಿನಲ್ಲಿ ಗಾಳಿಯ ಸಣ್ಣ ಅಲುಗಾಟಕ್ಕೂ ಆವಿ ಚದುರಿಹೋಗುವುದರಿಂದ ಫಲಿತಾಂಶ ಪರೀಕ್ಷಕನಿಂದ ಪರೀಕ್ಷಕನಿಗೆ ಬದಲಾಗುತ್ತಿತ್ತು. ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬೆಲ್ ಮುಚ್ಚಿದ ಬಟ್ಟಲಿನ ಉಪಕರಣವೊಂದನ್ನು ರೂಪಿಸಿದ. 1879ರ ಕಾಯ್ದೆ ಅದನ್ನು ಅಂಗೀಕರಿಸಿ ಗಡಿಯನ್ನು 73 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿತು. ಕಾನೂನು ಸಡಿಲವಾಯಿತೆಂದು ಇದರ ಅರ್ಥವಲ್ಲ. ಹಳೆಯ ಪರೀಕ್ಷೆಯಲ್ಲಿ 100 ತೋರಿಸುತ್ತಿದ್ದ ಎಣ್ಣೆ, ಆವಿ ಹೊರಹೋಗದ ಮುಚ್ಚಿದ ಬಟ್ಟಲಿನಲ್ಲಿ 73ಕ್ಕೇ ಹೊತ್ತುತ್ತಿತ್ತು. ಇಂದಿಗೂ ಯಾವುದೇ ಪಟ್ಟಿಯಲ್ಲಿ ಫ್ಲ್ಯಾಶ್ ಪಾಯಿಂಟ್ ನೋಡಿದಾಗ ಅದು ಮುಚ್ಚಿದ ಬಟ್ಟಲಿನದೋ ತೆರೆದ ಬಟ್ಟಲಿನದೋ ಎಂದು ಕೇಳಬೇಕಾದ್ದು ಇದಕ್ಕಾಗಿಯೇ.

73 ಡಿಗ್ರಿ ಫ್ಯಾರನ್‌ಹೀಟ್ ಎಂದರೆ 22.8 ಡಿಗ್ರಿ ಸೆಲ್ಸಿಯಸ್. ನಮ್ಮ 1934ರ ಪೆಟ್ರೋಲಿಯಂ ಕಾಯ್ದೆ ಈಗ 23 ಡಿಗ್ರಿಗಿಂತ ಕೆಳಗೆ ಫ್ಲ್ಯಾಶ್ ಆಗುವ ತೈಲಗಳನ್ನು ‘ಎ’ ವರ್ಗದಲ್ಲಿ ಇರಿಸುತ್ತದೆ. ಪೆಟ್ರೋಲ್ ಮತ್ತು ನಾಫ್ತಾ ಇದರಲ್ಲಿವೆ. 23ರಿಂದ 65ಕ್ಕಿಂತ ಕೆಳಗಿನದು ‘ಬಿ’ ವರ್ಗ, ಅಂದರೆ ಸೀಮೆಎಣ್ಣೆ, ಡೀಸೆಲ್, ವಿಮಾನದ ಇಂಧನ. 65ರಿಂದ 93ಕ್ಕಿಂತ ಕೆಳಗಿನದು ‘ಸಿ’ ವರ್ಗ. ಬಾಯ್ಲರುಗಳಿಗೆ ಹಾಕುವ ಫರ್ನೆಸ್ ಆಯಿಲ್ ಇಲ್ಲಿ ಬರುತ್ತದೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಕೊಡುವ ಪರವಾನಗಿ, ಒಬ್ಬನು ಎಷ್ಟು ಲೀಟರ್ ಇಟ್ಟುಕೊಳ್ಳಬಹುದೆಂಬ ಮಿತಿ, ಟ್ಯಾಂಕುಗಳ ನಡುವಿನ ಅಂತರ ಎಲ್ಲವೂ ಈ ವರ್ಗಗಳನ್ನು ಅನುಸರಿಸುತ್ತವೆ. ಮಂಗಳೂರಿನಿಂದ ಘಟ್ಟ ಹತ್ತಿ ಬರುವ ಟ್ಯಾಂಕರುಗಳ ಹಿಂಬದಿಯ ಫಲಕದಲ್ಲಿ 1203 ಎಂದಿದ್ದರೆ ಪೆಟ್ರೋಲ್, 1202 ಎಂದಿದ್ದರೆ ಡೀಸೆಲ್, 1223 ಎಂದಿದ್ದರೆ ಸೀಮೆಎಣ್ಣೆ. ಇವು ವಿಶ್ವಸಂಸ್ಥೆಯ ಸಾಗಣೆ ಸಂಖ್ಯೆಗಳು. ಅಪಘಾತದ ಸ್ಥಳಕ್ಕೆ ಬರುವ ಅಗ್ನಿಶಾಮಕ ಸಿಬ್ಬಂದಿ ಮೊದಲು ಹುಡುಕುವುದು ಅವನ್ನೇ.

ಕಾಯ್ದೆ ಗಡಿ ಹಾಕುತ್ತದೆ, ಹವಾಮಾನ ಅದನ್ನು ಮೀರುತ್ತದೆ. ಫ್ಲ್ಯಾಶ್ ಪಾಯಿಂಟನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಅದು ದೊಡ್ಡದೋ ಸಣ್ಣದೋ ಎಂಬುದಕ್ಕಿಂತ, ಈ ದ್ರವ ಈಗ ಇರುವ ಉಷ್ಣತೆ ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು. ಪೆಟ್ರೋಲಿನ ಮಟ್ಟಿಗೆ ಭಾರತದ ಬಹುಪಾಲು ಎಲ್ಲೆಡೆಯೂ ಉತ್ತರ ಒಂದೇ: ಅದು ಸದಾ ಸಿದ್ಧವಾಗಿರುತ್ತದೆ. ಸೀಮೆಎಣ್ಣೆ ಮತ್ತು ಡೀಸೆಲ್ಲಿನ ವಿಚಾರ ಹಾಗಲ್ಲ. ಎರಡಕ್ಕೂ ಮಾನಕದ ಕನಿಷ್ಠ ಮಿತಿ 35 ಡಿಗ್ರಿ; ವಾಸ್ತವದಲ್ಲಿ ಡೀಸೆಲ್ ಸಾಮಾನ್ಯವಾಗಿ ಇದಕ್ಕಿಂತ ಮೇಲೆಯೇ ಇರುತ್ತದೆ. ಮಡಿಕೇರಿಯ ಚಳಿಯಲ್ಲಿ ನೆಲಕ್ಕೆ ಚೆಲ್ಲಿದ ಡೀಸೆಲ್ಲಿಗೆ ತಕ್ಷಣ ಬೆಂಕಿ ಹಿಡಿಯುವ ಸಂಭವ ಕಡಿಮೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಗಾಳಿಯೇ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ಇಟ್ಟ ಕಬ್ಬಿಣದ ಪೀಪಾಯಿ ಗಾಳಿಗಿಂತಲೂ ಬಹಳ ಹೆಚ್ಚು ಕಾಯುತ್ತದೆ. ಅಲ್ಲಿ ‘ಡೀಸೆಲ್ ಬೇಗ ಹೊತ್ತುವುದಿಲ್ಲ’ ಎಂಬ ಮಾತು ಮಧ್ಯಾಹ್ನದ ಹೊತ್ತಿಗೆ ಸುಳ್ಳಾಗಬಹುದು. ಹಡಗಿನ ಎಂಜಿನ್ ಕೋಣೆ ವರ್ಷವಿಡೀ ಕಲಬುರಗಿಯ ಮೇ ತಿಂಗಳಿನಂತಿರುವುದರಿಂದಲೇ ಅಂತರರಾಷ್ಟ್ರೀಯ ನೌಕಾ ನಿಯಮಗಳು ಹಡಗಿನ ಇಂಧನಕ್ಕೆ ಕನಿಷ್ಠ 60 ಡಿಗ್ರಿಯ ಫ್ಲ್ಯಾಶ್ ಪಾಯಿಂಟ್ ಬೇಕೆನ್ನುತ್ತವೆ. ನೌಕಾಪಡೆಗೆಂದು ತಯಾರಾಗುವ ಡೀಸೆಲ್ಲಿನ ಮಿತಿ 66 ಡಿಗ್ರಿ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಗಮನಿಸುವವರು ಕಡಿಮೆ. ವಾಯು ಒತ್ತಡ ತಗ್ಗಿದರೆ, ಅಷ್ಟೇ ಆವಿ ಒಟ್ಟು ಗಾಳಿಯ ಹೆಚ್ಚಿನ ಪಾಲಾಗುತ್ತದೆ. ಹಾಗಾಗಿ ಕೆಳಮಿತಿಯನ್ನು ಇನ್ನೂ ತಣ್ಣಗಿರುವಾಗಲೇ ಮುಟ್ಟುತ್ತದೆ. ಪ್ರಯೋಗಾಲಯಗಳು ಬಳಸುವ ತಿದ್ದುಪಡಿ ಸರಳವಾಗಿದೆ: ಒತ್ತಡ ಒಂದು ಕಿಲೋಪ್ಯಾಸ್ಕಲ್ ಕಡಿಮೆಯಾದರೆ ಕಾಲು ಡಿಗ್ರಿ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ 91 ಕಿಲೋಪ್ಯಾಸ್ಕಲಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಮಂಗಳೂರಿನ ಕಡಲ ದಂಡೆಯಲ್ಲಿ 40 ಡಿಗ್ರಿಗೆ ಫ್ಲ್ಯಾಶ್ ಆಗುವ ಡೀಸೆಲ್ ಬೆಂಗಳೂರಿನ ಬಟ್ಟಲಿನಲ್ಲಿ ಸುಮಾರು 37.5ಕ್ಕೇ ಹೊತ್ತುತ್ತದೆ. ವರದಿಯಲ್ಲಿ ಮಾತ್ರ ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿಯೇ ಇರುತ್ತದೆ.

ಎರಡೂವರೆ ಡಿಗ್ರಿ ಸಣ್ಣದೆನ್ನಿಸಬಹುದು. ವಿಮಾನಕ್ಕೆ ಅದು ಸಣ್ಣದಲ್ಲ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹೊರಟ ಟಿಡಬ್ಲ್ಯುಎ 800 ವಿಮಾನ ಹೊರಟ ಕೆಲವೇ ನಿಮಿಷಗಳಲ್ಲಿ ಆಕಾಶದಲ್ಲಿ ಸ್ಫೋಟಿಸಿ 230 ಮಂದಿ ಸತ್ತರು. ವಿಮಾನದ ಇಂಧನ ಮೂಲತಃ ಸೀಮೆಎಣ್ಣೆಯೇ, ಅದರ ಕನಿಷ್ಠ ಫ್ಲ್ಯಾಶ್ ಪಾಯಿಂಟ್ 38 ಡಿಗ್ರಿ. ಅಂದು ರೆಕ್ಕೆಗಳ ನಡುವಿನ ಟ್ಯಾಂಕು ಬಹುತೇಕ ಬರಿದಾಗಿತ್ತು, ಅದರ ಕೆಳಗೇ ಇದ್ದ ಹವಾನಿಯಂತ್ರಣ ಯಂತ್ರಗಳು ಬೇಸಿಗೆಯ ಸಂಜೆಯಲ್ಲಿ ಬಹಳ ಹೊತ್ತು ಓಡಿ, ಉಳಿದಿದ್ದ ಸ್ವಲ್ಪ ಇಂಧನವನ್ನು ಕಾಯಿಸಿದ್ದವು. ವಿಮಾನ ಮೇಲೇರಿದಂತೆ ಒತ್ತಡ ತಗ್ಗಿ ಫ್ಲ್ಯಾಶ್ ಪಾಯಿಂಟ್ ಇನ್ನಷ್ಟು ಕೆಳಗಿಳಿಯಿತು. ಟ್ಯಾಂಕಿನೊಳಗಿನ ಆವಿ ಮತ್ತು ಗಾಳಿಯ ಬೆರಕೆ ಹೊತ್ತಿದ್ದೇ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ ತೀರ್ಮಾನಿಸಿತು. ಕಿಡಿ ಬಹುಶಃ ಟ್ಯಾಂಕಿನ ಹೊರಗಿನ ವಿದ್ಯುತ್ ಶಾರ್ಟ್ ಸರ್ಕ್ಯೂಟಿನಿಂದ ಬಂದಿರಬೇಕೆಂದು ಹೇಳಿತು. ಇಂಧನ ಟ್ಯಾಂಕಿನ ಖಾಲಿ ಜಾಗಕ್ಕೆ ನೈಟ್ರೋಜನ್ ಹೆಚ್ಚಿರುವ ಗಾಳಿ ತುಂಬುವ ಪದ್ಧತಿ ದೊಡ್ಡ ವಿಮಾನಗಳಿಗೆ ಬಂದದ್ದು ಇದರ ಬಳಿಕ.

ಇಲ್ಲಿ ‘ಬಹುತೇಕ ಬರಿದಾಗಿತ್ತು’ ಎಂಬ ಮಾತು ಮುಖ್ಯ. ಮುಚ್ಚಿದ ಟ್ಯಾಂಕಿನೊಳಗೆ ಫ್ಲ್ಯಾಶ್ ಪಾಯಿಂಟಿನ ಸಾಮಾನ್ಯ ತಿಳಿವಳಿಕೆ ತಲೆಕೆಳಗಾಗುವುದನ್ನು ನೋಡಬಹುದು. ಪೆಟ್ರೋಲ್ ಟ್ಯಾಂಕಿನಲ್ಲಿ ದ್ರವದ ಮೇಲಿನ ಖಾಲಿ ಜಾಗ ಬೆಂಗಳೂರಿನಂಥ ಹವೆಯಲ್ಲಿ ಆವಿಯಿಂದ ಎಷ್ಟು ತುಂಬಿರುತ್ತದೆಂದರೆ, ಅದು ಶೇ. 7.6ರ ಮೇಲ್ಮಿತಿಯನ್ನು ಎಷ್ಟೋ ಪಟ್ಟು ದಾಟಿ, ಆಮ್ಲಜನಕ ಸಾಲದೆ ಉರಿಯಲಾರದ ಸ್ಥಿತಿಯಲ್ಲಿರುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ಆವಿ ಸಾಲದು. ಇವೆರಡರ ನಡುವೆ ಎಥನಾಲ್ ಇದೆ: 25 ಡಿಗ್ರಿಯಲ್ಲಿ ಅದರ ಆವಿ ಗಾಳಿಯ ಸುಮಾರು ಶೇ. 8ರಷ್ಟಿದ್ದು, 3.3 ಮತ್ತು 19ರ ನಡುವೆ ಸರಿಯಾಗಿ ಕೂರುತ್ತದೆ. ಅಂದರೆ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆಯ ಡಿಸ್ಟಿಲರಿಗಳಲ್ಲಿ ಶುದ್ಧ ಎಥನಾಲ್ ತುಂಬಿದ ಟ್ಯಾಂಕಿನ ಮೇಲ್ಭಾಗ ನಮ್ಮ ವರ್ಷದ ಬಹುಪಾಲು ದಿನಗಳಲ್ಲಿ ದಹನಮಿತಿಯ ಒಳಗೇ ಇರುತ್ತದೆ. ಫ್ಲ್ಯಾಶ್ ಪಾಯಿಂಟಿನ ಪಟ್ಟಿಯಲ್ಲಿ ಎಥನಾಲ್ ಪೆಟ್ರೋಲಿಗಿಂತ ‘ಸುರಕ್ಷಿತ’, ಆದರೆ ಮುಚ್ಚಿದ ಟ್ಯಾಂಕಿನೊಳಗೆ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಡುವಂಥದ್ದು. ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಮಾತ್ರ ಈ ವಿಷಯದಲ್ಲಿ ಪೆಟ್ರೋಲಿನಂತೆಯೇ ವರ್ತಿಸುತ್ತದೆ, ಏಕೆಂದರೆ ಅದರಲ್ಲಿರುವ ಹಗುರ ಹೈಡ್ರೋಕಾರ್ಬನ್ನುಗಳೇ ಆವಿಯ ಪ್ರಮಾಣವನ್ನು ನಿರ್ಧರಿಸುತ್ತವೆ.

ತುಂಬಿದ ಪೆಟ್ರೋಲ್ ಪೀಪಾಯಿಗಿಂತ ಖಾಲಿ ಪೀಪಾಯಿ ಹೆಚ್ಚು ಅಪಾಯಕಾರಿ ಎಂದು ಗ್ಯಾರೇಜಿನ ಹಿರಿಯರು ಹೇಳುವುದಕ್ಕೂ ಕಾರಣ ಇದೇ. 200 ಲೀಟರಿನ ಡ್ರಮ್ಮಿನಲ್ಲಿ ಶೇ. 1.4ರಷ್ಟು ಆವಿ ಎಂದರೆ 2.8 ಲೀಟರ್ ಆವಿ. ದ್ರವದ ಲೆಕ್ಕದಲ್ಲಿ ಅದು ಸುಮಾರು 10 ಗ್ರಾಂ, ಒಂದು ದೊಡ್ಡ ಚಮಚದಷ್ಟು ಪೆಟ್ರೋಲ್. ಬೋರಲು ಹಾಕಿ ಸುರಿದ ಮೇಲೂ ಅಂಚುಗಳ ಸಂದಿಯಲ್ಲಿ ಅಷ್ಟು ಉಳಿಯುವುದು ಕಷ್ಟವೇನಲ್ಲ. ಡೀಸೆಲ್ ಇದ್ದ ಡ್ರಮ್ಮಿಗೆ ಈ ಲೆಕ್ಕ ಅನ್ವಯಿಸದೆಂದು ಭಾವಿಸಿ ಅದನ್ನು ಕತ್ತರಿಸಲು ಅಥವಾ ಬೆಸುಗೆ ಹಾಕಲು ಹೊರಟವರಿಗೆ, ಬೆಸುಗೆಯ ಜ್ವಾಲೆಯ ಬಿಸಿಯೇ ಗೋಡೆಗಂಟಿದ ಡೀಸೆಲ್ಲನ್ನು ಫ್ಲ್ಯಾಶ್ ಪಾಯಿಂಟಿನ ಆಚೆಗೆ ಒಯ್ಯುತ್ತದೆಂಬುದು ಹೊಳೆದಿರುವುದಿಲ್ಲ. ತೈಲ ಸಾಗಣೆಯಲ್ಲಿ ಇದರದೇ ಇನ್ನೊಂದು ರೂಪವಿದೆ. ಪೆಟ್ರೋಲ್ ಇಳಿಸಿ ಬಂದ ಟ್ಯಾಂಕರಿಗೆ ಡೀಸೆಲ್ ತುಂಬಿದರೆ, ಒಳಗೆ ಉಳಿದಿದ್ದ ದಟ್ಟ ಪೆಟ್ರೋಲ್ ಆವಿಯನ್ನು ಡೀಸೆಲ್ ಹೀರಿಕೊಳ್ಳತೊಡಗಿ, ಬೆರಕೆಯು ಮೇಲ್ಮಿತಿಯಿಂದ ಕೆಳಗಿಳಿದು ಉರಿಯಬಲ್ಲ ವಲಯಕ್ಕೆ ಬರುತ್ತದೆ. ಅದೇ ಹೊತ್ತಿನಲ್ಲಿ ಕೊಳವೆಯಲ್ಲಿ ರಭಸದಿಂದ ಹರಿಯುವ ಡೀಸೆಲ್ ಸ್ಥಾಯೀ ವಿದ್ಯುತ್ತನ್ನು ಕೂಡಿಸುತ್ತಿರುತ್ತದೆ. ಹೈಡ್ರೋಕಾರ್ಬನ್ ಆವಿ ಹೊತ್ತಲು ಬೇಕಾದ ಕಿಡಿಯ ಶಕ್ತಿ ಮಿಲಿಜೂಲಿನ ಕಾಲು ಭಾಗದಷ್ಟು ಮಾತ್ರ, ಬೆರಳಿಗೆ ಚುರುಕ್ ಎನ್ನಿಸುವ ಕಿಡಿಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಟ್ಯಾಂಕರಿಗೆ ತುಂಬುವ ಮುನ್ನ ಭೂಸಂಪರ್ಕದ ತಂತಿ ಕಚ್ಚಿಸುವುದು ಈ ಕಾರಣಕ್ಕೆ. ಬಂಕಿನಲ್ಲಿ ಮೊಬೈಲಿನ ಬಗ್ಗೆ ಆಗುವಷ್ಟು ಚರ್ಚೆ ಈ ತಂತಿಯ ಬಗ್ಗೆ ಆಗುವುದಿಲ್ಲ, ಆಗಬೇಕಿತ್ತು.

ತೆರೆದ ಜಾಗದಲ್ಲಿ ಪೆಟ್ರೋಲಿನ ಅಪಾಯ ಬೇರೆ ಬಗೆಯದು. ಅದರ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲೆದ್ದು ಹೋಗದೆ ನೆಲಕ್ಕಂಟಿ, ಚರಂಡಿ, ಹಳ್ಳ, ನೆಲಮಾಳಿಗೆಗಳಿಗೆ ಇಳಿಯುತ್ತದೆ. ಬೆಂಕಿ ಇರುವಲ್ಲಿಗೆ ತಾನೇ ನಡೆದು ಹೋಗುತ್ತದೆ. 2005ರ ಡಿಸೆಂಬರ್ 11ರ ನಸುಕಿನಲ್ಲಿ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲಾಗಾರದಲ್ಲಿ ಮಟ್ಟ ತೋರಿಸುವ ಮಾಪಕ ಸಿಕ್ಕಿಕೊಂಡು ಪೆಟ್ರೋಲ್ ಟ್ಯಾಂಕೊಂದು ಉಕ್ಕಿತು. ಅಂದಿನ ಹವೆ ಹೆಚ್ಚುಕಡಿಮೆ ಹೆಪ್ಪುಗಟ್ಟುವಷ್ಟು ಚಳಿಯದು, ಆದರೂ ಪೆಟ್ರೋಲಿನ ಪಾಲಿಗೆ ಅದು ಫ್ಲ್ಯಾಶ್ ಪಾಯಿಂಟಿಗಿಂತ 40 ಡಿಗ್ರಿ ಮೇಲೆ. ಆವಿಯ ಮೋಡ ಸುತ್ತ ಹರಡಿ ಸ್ಫೋಟಿಸಿತು. ಅದು ಭಾನುವಾರದ ಬೆಳಗಾಗಿದ್ದರಿಂದ ಯಾರೂ ಸಾಯಲಿಲ್ಲ, ನಲವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ನಾಲ್ಕು ವರ್ಷಗಳ ಬಳಿಕ, 2009ರ ಅಕ್ಟೋಬರ್ 29ರ ಸಂಜೆ, ಜೈಪುರದ ಸೀತಾಪುರದ ಇಂಡಿಯನ್ ಆಯಿಲ್ ತೈಲಾಗಾರದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಕಾಲ ಚಿಮ್ಮುತ್ತ ಸೋರಿ, ಗಾಳಿಯಾಡದ ಆ ಹೊತ್ತಿನಲ್ಲಿ ಆವಿ ಇಡೀ ಆವರಣವನ್ನು ತುಂಬಿಕೊಂಡ ಮೇಲೆ ಹೊತ್ತಿತು. ಹನ್ನೊಂದು ಜನ ಸತ್ತರು, ಬೆಂಕಿ ಹಲವು ದಿನ ಉರಿಯಿತು. ಅಡುಗೆ ಅನಿಲವೂ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ತಂಗುತ್ತದೆ. ಕೊಳವೆಯಲ್ಲಿ ಬರುವ ಮೀಥೇನ್ ಹಗುರವಾದ್ದರಿಂದ ಚಾವಣಿಗೇರುತ್ತದೆ. ಇವೆರಡೂ ಅನಿಲಗಳೇ ಆದ್ದರಿಂದ ಅವುಗಳ ಫ್ಲ್ಯಾಶ್ ಪಾಯಿಂಟ್ ಎಷ್ಟೆಂದು ಹುಡುಕುವುದರಲ್ಲಿ ಹುರುಳಿಲ್ಲ. ದಹನಮಿತಿ ಮತ್ತು ಭಾರ ಗೊತ್ತಿದ್ದರೆ ಸಾಕು.

ಡೀಸೆಲ್ಲಿನತ್ತ ಮರಳಿದರೆ, ಅದರ ಫ್ಲ್ಯಾಶ್ ಪಾಯಿಂಟ್ ಹೇಳುವುದು ನಿಂತ ಕೊಳದಂಥ ದ್ರವದ ಬಗ್ಗೆ ಮಾತ್ರ. ಅದೇ ಡೀಸೆಲ್ ಸೂಕ್ಷ್ಮ ಹನಿಗಳಾಗಿ ಸಿಡಿದರೆ, ಒಂದೊಂದು ಹನಿಯೂ ಕಿಡಿಯ ಬಳಿಯಲ್ಲಿ ಕ್ಷಣಾರ್ಧದಲ್ಲಿ ಆವಿಯಾಗುವುದರಿಂದ, ಫ್ಲ್ಯಾಶ್ ಪಾಯಿಂಟಿಗಿಂತ ಎಷ್ಟೋ ತಣ್ಣಗಿದ್ದರೂ ಮಂಜಿನಂಥ ಆ ಸಿಂಪಣೆ ಹೊತ್ತಿಕೊಳ್ಳುತ್ತದೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿದು, ಡೀಸೆಲ್ ಟ್ಯಾಂಕು ಒಡೆದು ಬೆಂಕಿ ಹಿಡಿದಾಗ 45 ಮಂದಿ ಸತ್ತರು. ವೇಗದಲ್ಲಿ ಒಡೆದ ಟ್ಯಾಂಕಿನಿಂದ ಎರಚುವ ಡೀಸೆಲ್, ಲೋಹದ ಉಜ್ಜಾಟದ ಕಿಡಿಗಳು, ಬಿಸಿ ಎಂಜಿನ್ ಇವು ಒಟ್ಟಿಗೆ ಸೇರಿದ ಕಡೆ ಪ್ರಯೋಗಾಲಯದ 35 ಡಿಗ್ರಿಗೆ ಅರ್ಥ ಉಳಿಯುವುದಿಲ್ಲ.

ಬತ್ತಿಯೂ ಇದೇ ತತ್ವದ ಸೌಮ್ಯ ರೂಪ. ದೇವರ ಮುಂದಿನ ದೀಪದ ಎಳ್ಳೆಣ್ಣೆಯ ಫ್ಲ್ಯಾಶ್ ಪಾಯಿಂಟ್ ಇತರ ಅಡುಗೆ ಎಣ್ಣೆಗಳಂತೆ ಬಹಳ ಮೇಲಿದೆ. ಅದಕ್ಕೆ ನೇರವಾಗಿ ಕಡ್ಡಿ ಗೀರಿ ಹಿಡಿದರೆ ಏನೂ ಆಗದು. ಹತ್ತಿಯ ಬತ್ತಿ ಅತಿ ಸ್ವಲ್ಪ ಎಣ್ಣೆಯನ್ನು ತೆಳುವಾಗಿ ಮೇಲಕ್ಕೆಳೆದುಕೊಳ್ಳುವುದರಿಂದ, ಕಡ್ಡಿಯ ಸಣ್ಣ ಜ್ವಾಲೆಯೂ ಆ ತೆಳುಪದರವನ್ನು ಬೇಕಾದಷ್ಟು ಕಾಯಿಸಬಲ್ಲದು. ಕರ್ಪೂರದ ಫ್ಲ್ಯಾಶ್ ಪಾಯಿಂಟ್ ಸುಮಾರು 65 ಡಿಗ್ರಿಯಾದರೂ ಅದು ತಟ್ಟನೆ ಹೊತ್ತುತ್ತದೆ, ಏಕೆಂದರೆ ಜ್ವಾಲೆ ತಗುಲಿದ ಮೂಲೆ ಮಾತ್ರ ಬಿಸಿಯಾಗಿ ಆವಿಯಾದರೆ ಸಾಕು. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆ, ಗೋಣಿಚೀಲ, ಮರದ ಪುಡಿ ಎಲ್ಲವೂ ಬತ್ತಿಗಳೇ ಎಂದು ಎಣಿಸಬೇಕು.

ಇನ್ನು ತಾನಾಗಿ ಹೊತ್ತುವ ಉಷ್ಣತೆ. ಇಲ್ಲಿ ಪಟ್ಟಿಯ ಕ್ರಮವೇ ತಿರುವುಮುರುವಾಗುತ್ತದೆ. ಪೆಟ್ರೋಲ್ ತಾನಾಗಿ ಹೊತ್ತಲು ಸುಮಾರು 280 ಡಿಗ್ರಿ ಬೇಕಾದರೆ, ಡೀಸೆಲ್ಲಿಗೆ 210ರಿಂದ 250 ಸಾಕು. ಎಥನಾಲಿಗೆ 360ಕ್ಕೂ ಮೇಲೆ, ಅಸಿಟೋನಿಗೆ 465, ಮೀಥೇನಿಗೆ 500ಕ್ಕೂ ಬಹಳ ಮೇಲೆ. ಉದ್ದ ಸರಪಳಿಯ ಭಾರ ಅಣುಗಳು ಆವಿಯಾಗಲು ಒಲ್ಲವು, ಆದರೆ ಬಿಸಿಗೆ ಬೇಗ ಮುರಿಯುತ್ತವೆ. ಅದರಿಂದಲೇ ಈ ವಿಲೋಮ ಸಂಬಂಧ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಡವಾದದ್ದು ಇದರ ಫಲ: ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ಸಾಕು. ಬಿಸಿ ಎಕ್ಸಾಸ್ಟ್ ಕೊಳವೆಯ ಮೇಲೆ ಸೋರುವ ಇಂಧನದ ವಿಚಾರದಲ್ಲಿ ಡೀಸೆಲ್ಲನ್ನು ಪೆಟ್ರೋಲಿಗಿಂತ ಹಗುರವಾಗಿ ಕಾಣುವಂತಿಲ್ಲವೆಂದೂ ಇದರಿಂದ ತಿಳಿಯುತ್ತದೆ. ಈ ಪಟ್ಟಿಯ ತುತ್ತತುದಿಯಲ್ಲಿರುವುದು ಕಾರ್ಬನ್ ಡೈಸಲ್ಫೈಡ್. ವಿಸ್ಕೋಸ್ ನಾರಿನ ತಯಾರಿಕೆಯಲ್ಲಿ ಬಳಸುವ ಈ ದ್ರವದ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಅದು ತಾನಾಗಿ ಹೊತ್ತುವ ಉಷ್ಣತೆ ಕೇವಲ 90ರಿಂದ 100, ದಹನಮಿತಿ ಶೇ. 1.3ರಿಂದ 50. ಹಬೆಯ ಕೊಳವೆಯೊಂದು ಸಾಕು, ಬೇರೆ ಕಿಡಿ ಬೇಡ.

ಅಡುಗೆಮನೆಯಲ್ಲಿ ತಾನಾಗಿ ಹೊತ್ತುವ ದ್ರವವೆಂದರೆ ಬಾಣಲೆಯ ಎಣ್ಣೆ. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ ಸುಮಾರು 230 ಡಿಗ್ರಿಗೆ ಹೊಗೆಯಾಡತೊಡಗುತ್ತದೆ, 300 ದಾಟಿದ ಮೇಲೆ ಫ್ಲ್ಯಾಶ್ ಆಗುವಷ್ಟು ಆವಿ ಬಿಡುತ್ತದೆ, 350 ದಾಟಿ ಇನ್ನೂ ಕಾದರೆ ಒಲೆಯ ಜ್ವಾಲೆ ತಗುಲದೆಯೂ ಹೊತ್ತಬಲ್ಲದು. ಹೊಗೆಯೇ ಎಚ್ಚರಿಕೆ, ಆಗಲೇ ಒಲೆ ಆರಿಸಬೇಕು. ಹೊತ್ತಿದ ಎಣ್ಣೆಗೆ ನೀರು ಎರಚಿದರೆ, ಭಾರವಾದ ನೀರು ಎಣ್ಣೆಯ ಅಡಿಗಿಳಿದು, ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಚಾವಣಿಯವರೆಗೂ ಹನಿಹನಿಯಾಗಿ ಎರಚುತ್ತದೆ. ಒಲೆ ಆರಿಸಿ ಅಳತೆಗೆ ತಕ್ಕ ಮುಚ್ಚಳ ಮುಚ್ಚಿ, ಎಣ್ಣೆ ಪೂರ್ತಿ ತಣಿಯುವವರೆಗೆ ಅದನ್ನು ತೆಗೆಯದಿರುವುದೇ ಸರಿಯಾದ ಕ್ರಮ. ಬೇಗ ತೆಗೆದರೆ ಇನ್ನೂ ಬಿಸಿಯಿರುವ ಎಣ್ಣೆ ಗಾಳಿ ಸಿಕ್ಕಿದೊಡನೆ ಮತ್ತೆ ಹೊತ್ತುತ್ತದೆ.

ಮನೆಯಲ್ಲಿರುವ ಇತರ ದ್ರವಗಳ ಪೈಕಿ ಉಗುರುಬಣ್ಣ ಅಳಿಸುವ ಅಸಿಟೋನ್ ಸೊನ್ನೆಗಿಂತ 20 ಡಿಗ್ರಿ ಕೆಳಗೇ ಫ್ಲ್ಯಾಶ್ ಆಗುತ್ತದೆ. ಬಣ್ಣದ ಥಿನ್ನರುಗಳಲ್ಲಿ ಬಳಸುವ ಟಾಲುವೀನ್ 4 ಡಿಗ್ರಿಗೆ, ಟರ್ಪೆಂಟೈನ್ 35ರ ಸುತ್ತಮುತ್ತ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ, ಶೇ. 80ರಷ್ಟು ಎಥನಾಲ್ ಇರುವ ಸ್ಯಾನಿಟೈಸರಿನ ಫ್ಲ್ಯಾಶ್ ಪಾಯಿಂಟ್ 17.5 ಡಿಗ್ರಿ, ಅಂದರೆ ನಮ್ಮ ಕೋಣೆಗಳಲ್ಲಿ ಅದು ಬಹುತೇಕ ಯಾವಾಗಲೂ ಹೊತ್ತಲು ಸಿದ್ಧವಾಗಿರುತ್ತದೆ. ಎಥನಾಲಿನ ಜ್ವಾಲೆ ಮಸಿಯಿಲ್ಲದ ನಸುನೀಲಿ ಬಣ್ಣದ್ದಾದ್ದರಿಂದ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಬೀಳದಿರಬಹುದು. ಮೆಥನಾಲಿನದು ಇನ್ನೂ ಮಸುಕು. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗುವ ಮುನ್ನ ಒಲೆ ಹಚ್ಚಬಾರದೆಂಬ ಸಲಹೆ ಇಲ್ಲಿಂದ ಬಂದದ್ದು. ಯಾವುದೇ ರಾಸಾಯನಿಕದ ಸುರಕ್ಷತಾ ದತ್ತಾಂಶ ಪತ್ರ ಕೈಗೆ ಸಿಕ್ಕರೆ ಅದರ ಒಂಬತ್ತನೆಯ ವಿಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್, ದಹನಮಿತಿ, ಆವಿಯ ಭಾರ, ತಾನಾಗಿ ಹೊತ್ತುವ ಉಷ್ಣತೆ ಎಲ್ಲವೂ ಒಟ್ಟಿಗೆ ಇರುತ್ತವೆ. ಒಂದನ್ನು ಮಾತ್ರ ಓದಿ ಮುಚ್ಚುವುದಕ್ಕಿಂತ ನಾಲ್ಕನ್ನೂ ಓದುವುದು ಲೇಸು.

ಬೆರಕೆಯಾದ ದ್ರವಗಳಲ್ಲಿ ಈ ಅಂಕಿ ನೇರ ಅನುಪಾತದಲ್ಲಿ ಬದಲಾಗುವುದಿಲ್ಲ. ಸೀಮೆಎಣ್ಣೆಗೆ ಶೇ. ಒಂದೆರಡರಷ್ಟು ಪೆಟ್ರೋಲ್ ಸೇರಿದರೂ ಅದರ ಫ್ಲ್ಯಾಶ್ ಪಾಯಿಂಟ್ ತೀವ್ರವಾಗಿ ಕುಸಿಯುತ್ತದೆ, ಏಕೆಂದರೆ ಮೊದಲು ಆವಿಯಾಗುವುದು ಆ ಪೆಟ್ರೋಲೇ. ಒಂದೇ ಕ್ಯಾನನ್ನು ಎರಡಕ್ಕೂ ಬಳಸುವ ಅಭ್ಯಾಸ ಪಂಪ್ ಸ್ಟವ್ ಸಿಡಿಯಲು ಕಾರಣವಾಗಬಲ್ಲದು. ಎಥನಾಲಿಗೆ ನೀರು ಬೆರೆಸಿದರೆ ಫ್ಲ್ಯಾಶ್ ಪಾಯಿಂಟ್ ಏರುತ್ತದೆ, ಆದರೆ ನಿಧಾನವಾಗಿ: ಶೇ. 40ರ ದ್ರಾವಣಕ್ಕೆ ಸುಮಾರು 26 ಡಿಗ್ರಿ, ಶೇ. 10ಕ್ಕೆ 50ರ ಆಸುಪಾಸು. ವಿಸ್ಕಿ ಬೇಸಿಗೆಯ ಮಧ್ಯಾಹ್ನ ಹೊತ್ತಬಲ್ಲದು, ಬಿಯರ್ ಹೊತ್ತಲಾರದು.

ಬೆಂಕಿ ಆರಿಸುವವರಿಗೆ ನೀರಿನೊಂದಿಗಿನ ಈ ನಂಟು ಎರಡು ಬೇರೆ ದಾರಿಗಳನ್ನು ತೋರಿಸುತ್ತದೆ. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಪೆಟ್ರೋಲ್ ಅದರ ಮೇಲೆ ತೇಲುತ್ತ ಬೆಂಕಿಯನ್ನು ದೂರಕ್ಕೆ ಒಯ್ಯುತ್ತದೆ. ಅಲ್ಲಿ ಬೇಕಾದದ್ದು ಆವಿ ಮೇಲೇಳದಂತೆ ಮುಚ್ಚುವ ನೊರೆಯ ಹೊದಿಕೆ. ಎಥನಾಲ್ ನೀರಿನಲ್ಲಿ ಬೆರೆಯುವುದರಿಂದ ಸಣ್ಣ ಬೆಂಕಿಯನ್ನು ನೀರಿನಿಂದ ತೆಳುವಾಗಿಸಿ ಆರಿಸಬಹುದು. ಆದರೆ ದೊಡ್ಡ ಟ್ಯಾಂಕಿಗೆ ಪೆಟ್ರೋಲಿನ ಬೆಂಕಿಗೆಂದು ಇಟ್ಟ ಸಾಮಾನ್ಯ ನೊರೆಯನ್ನು ಹಾಕಿದರೆ, ನೊರೆಯಲ್ಲಿರುವ ನೀರನ್ನು ಎಥನಾಲ್ ಹೀರಿಕೊಂಡು ಹೊದಿಕೆಯನ್ನೇ ಕರಗಿಸಿಬಿಡುತ್ತದೆ. ಅದಕ್ಕೆ ಆಲ್ಕೋಹಾಲ್ ನಿರೋಧಕ ನೊರೆ ಎಂಬ ಬೇರೆಯದೇ ದ್ರವ ಬೇಕು. ಎಥನಾಲಿನ ಮೇಲೆ ಬಿದ್ದೊಡನೆ ಅದರ ಪಾಲಿಮರ್ ಒಂದು ತೆಳು ಪೊರೆಯಾಗಿ ನಿಂತು ನೊರೆಯನ್ನು ದ್ರವದಿಂದ ಬೇರ್ಪಡಿಸುತ್ತದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ತೈಲಾಗಾರಗಳಲ್ಲಿ ಎರಡೂ ದ್ರವಗಳು ಪಕ್ಕಪಕ್ಕದ ಟ್ಯಾಂಕುಗಳಲ್ಲಿರಬಹುದು. ಅಲ್ಲಿ ಯಾವ ನೊರೆಯ ದಾಸ್ತಾನಿದೆ ಎಂಬುದು ಫ್ಲ್ಯಾಶ್ ಪಾಯಿಂಟಿನ ಪಟ್ಟಿಯಲ್ಲಿ ಕಾಣಿಸುವುದಿಲ್ಲ.